ದಾರಿಯ ಮೂಕಪ್ರಾಣಿಯೂ ವಾಹನದ ಗಾಲಿಯೂ

ಸೇಕ್ಕಿಳಾರ್ ಕವಿಯು ಹನ್ನೆರಡನೆಯ ಶತಮಾನದಲ್ಲಿ ತಮಿಳಿನಲ್ಲಿ ರಚಿಸಿದ ಪೆರಿಯ ಪುರಾಣದ ಆರಂಭಭಾಗದಲ್ಲಿ ತಿರುವಾರೂರಿನ ಮನುನೀತಿ ಚೋಳನ ಕಥೆ ಬರುತ್ತದೆ. ಅರಸುಕುಮಾರನು ರಥವೇರಿ ರಾಜಬೀದಿಯಲ್ಲಿ ಹೋಗುತ್ತಿರುವಾಗ ಎಳೆಗರುವೊಂದು ಯಾರ ಕಣ್ಣಿಗೂ ಬೀಳದಂತೆ ನುಗ್ಗಿ, ಗಾಲಿಗೆ ಸಿಕ್ಕಿ ಸಾಯುತ್ತದೆ. ತಾಯಿಹಸು ಅರಮನೆಯ ಬಾಗಿಲಿನ ಗಂಟೆಯನ್ನು ಕೊಂಬಿನಿಂದ ಬಾರಿಸಿ ನ್ಯಾಯ ಬೇಡುತ್ತದೆ. ಅರಸನು ತನ್ನ ಮಗನನ್ನೇ ರಥದ ಗಾಲಿಗೆ ಒಡ್ಡುತ್ತಾನೆ. ಕೊನೆಗೆ ಶಿವಾನುಗ್ರಹದಿಂದ ಕರುವೂ ಕುಮಾರನೂ ಮರಳಿ ಜೀವಿಸುತ್ತಾರೆ. ಕಥೆಯ ಮುಖ್ಯಾಭಿಪ್ರಾಯವು ರಾಜಧರ್ಮದ ನಿಷ್ಪಕ್ಷಪಾತವೆಂಬುದು ಸರಿಯಷ್ಟೆ. ಆದರೆ ಮೋಟಾರು ವಾಹನಗಳ ಈ ಕಾಲದಲ್ಲಿ ಅದನ್ನು ಓದುವವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಏಳುವುದು ಸಹಜ: ಕರು ಅಡ್ಡ ಬಂದ ಕ್ಷಣದಲ್ಲಿ ಆ ರಥವನ್ನು ನಿಲ್ಲಿಸುವುದು ಸಾಧ್ಯವಿತ್ತೆ?

ಇಂದು ನಮ್ಮ ಹೆದ್ದಾರಿಗಳಲ್ಲಿ ನಾಯಿ, ಕುರಿ, ಎಮ್ಮೆ, ಜಿಂಕೆಗಳು ಗಾಲಿಗೆ ಸಿಕ್ಕಿದಾಗಲೂ ಚಾಲಕನ ಮೊದಲ ಮಾತು “ತಟ್ಟನೆ ಅಡ್ಡ ಬಂತು, ಏನೂ ಮಾಡುವಂತಿರಲಿಲ್ಲ” ಎಂಬುದೇ ಆಗಿರುತ್ತದೆ. ಆ ಮಾತು ಬಹುಮಟ್ಟಿಗೆ ನಿಜ. ಆ ಕ್ಷಣದಲ್ಲಿ ಮಾಡಬಹುದಾದದ್ದು ಅತ್ಯಲ್ಪ. ಮಾಡಬೇಕಾದದ್ದರ ಬಹುಭಾಗವು ಅದಕ್ಕೆ ಮುಂಚೆಯೇ, ವಾಹನದ ವೇಗದಲ್ಲಿ, ಟೈರಿನಲ್ಲಿ, ಸ್ಪ್ರಿಂಗು-ಶಾಕ್ ಅಬ್ಸಾರ್ಬರುಗಳಲ್ಲಿ ನಿರ್ಣಯವಾಗಿಬಿಟ್ಟಿರುತ್ತದೆ. ಈ ಸಂಗತಿಯನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಿಲ್ಲುವ ದೂರ

ಪ್ರಾಣಿಯನ್ನು ಕಂಡೊಡನೆ ವಾಹನ ನಿಲ್ಲುವುದಿಲ್ಲ. ಕಣ್ಣು ಕಂಡದ್ದನ್ನು ಬುದ್ಧಿ ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಇಳಿಯುವಷ್ಟರಲ್ಲಿ ಸಾಮಾನ್ಯನಿಗೆ ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟು ಹೊತ್ತೂ ವಾಹನವು ಮೊದಲಿನ ವೇಗದಲ್ಲೇ ಮುಂದೆ ಸಾಗುತ್ತಿರುತ್ತದೆ. ಆ ಬಳಿಕ ಬ್ರೇಕು ಹಿಡಿದು ನಿಲ್ಲುವವರೆಗೆ ಇನ್ನಷ್ಟು ದೂರ ಸಲ್ಲುತ್ತದೆ. ಈ ಎರಡರ ಮೊತ್ತವೇ ನಿಲ್ಲುವ ದೂರ.

ಎರಡನೆಯ ಭಾಗದ ಲೆಕ್ಕ ಪ್ರೌಢಶಾಲೆಯ ಭೌತವಿಜ್ಞಾನದ್ದು. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು ವರ್ಗಮಾಡಿ, ಘರ್ಷಣಾಂಕವನ್ನು ಭೂಗುರುತ್ವದ 9.8ರಿಂದ ಗುಣಿಸಿ, ಅದರ ಎರಡರಷ್ಟರಿಂದ ಭಾಗಿಸಬೇಕು. ಒಣಗಿದ ಡಾಂಬರು ರಸ್ತೆಯಲ್ಲಿ ಒಳ್ಳೆಯ ಟೈರಿನ ಘರ್ಷಣಾಂಕವನ್ನು ಸುಮಾರು 0.7 ಎಂದು ಹಿಡಿದರೆ, ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಒಟ್ಟು 26 ಮೀಟರಿನಲ್ಲಿ ನಿಲ್ಲುತ್ತದೆ. 60ರ ವೇಗದ್ದು 45 ಮೀಟರಿನಲ್ಲಿ. 80ರದ್ದು 69 ಮೀಟರಿನಲ್ಲಿ. 100ರದ್ದು 98 ಮೀಟರಿನಲ್ಲಿ. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟಾಗುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ಇದರ ಫಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ರಸ್ತೆಯ ನಡುವೆ ಒಂದು ಕರು ನಿಂತಿದೆ. ಎರಡು ಕಾರುಗಳ ಚಾಲಕರು 45 ಮೀಟರ್ ದೂರದಿಂದ ಅದನ್ನು ಕಾಣುತ್ತಾರೆ ಎಂದುಕೊಳ್ಳೋಣ. 60ರ ವೇಗದ ಕಾರು ಕರುವಿನ ಮುಂದೆ ಬಂದು ನಿಲ್ಲುತ್ತದೆ. 80ರ ವೇಗದ ಕಾರು ಮೊದಲ 33 ಮೀಟರನ್ನು ಬ್ರೇಕಿಲ್ಲದೆಯೇ ಕಳೆದು, ಉಳಿದ 12 ಮೀಟರಿನಲ್ಲಿ ಸ್ವಲ್ಪ ಮಾತ್ರ ನಿಧಾನವಾಗಿ, ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಕರುವನ್ನು ಹೊಡೆಯುತ್ತದೆ. ವೇಗದ ಅಂತರ 20 ಮಾತ್ರ. ಫಲದ ಅಂತರ ಬದುಕು-ಸಾವುಗಳದು. ರಾತ್ರಿಯಲ್ಲಿ ತಗ್ಗಿಸಿದ ಹೆಡ್‌ಲೈಟಿನ ಬೆಳಕು ರಸ್ತೆಯ ಮೇಲೆ ಪ್ರಯೋಜನಕರವಾಗಿ ಬೀಳುವುದು ಸುಮಾರು 40ರಿಂದ 60 ಮೀಟರ್ ಮಾತ್ರ. ಆದುದರಿಂದ 80ರ ವೇಗದಲ್ಲಿ ತಗ್ಗಿಸಿದ ಬೆಳಕಿನಲ್ಲಿ ಹೋಗುವವನು ತನಗೆ ಕಾಣದ ನೆಲಕ್ಕೆ ಮೊದಲೇ ನುಗ್ಗಿರುತ್ತಾನೆ.

ಅಂಗೈಯಗಲದ ಆಧಾರ

ಮೇಲಿನ ಲೆಕ್ಕವೆಲ್ಲ ಘರ್ಷಣಾಂಕವನ್ನು ನಂಬಿದೆ. ಘರ್ಷಣಾಂಕವು ಟೈರನ್ನು ನಂಬಿದೆ. ಗಾಳಿ ತುಂಬಿದ ಟೈರಿನ ಕಲ್ಪನೆಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವನು 1845ರಲ್ಲಿ ಪೇಟೆಂಟ್ ಪಡೆದಿದ್ದನು. ಅದು ಬಳಕೆಗೆ ಬಾರದೆ ಮರೆತುಹೋದ ಮೇಲೆ 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಹೊಸದಾಗಿ ಕಂಡುಕೊಂಡನು. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕದಿರಲೆಂದು ಅವನು ಹೂಡಿದ ಉಪಾಯವಿದು. ಪ್ರಾಣಿಗಳ ಚಿಕಿತ್ಸೆಯನ್ನೇ ವೃತ್ತಿಯಾಗಿ ಹೊಂದಿದ್ದವನ ಕೈಯಿಂದ ಬಂದ ಈ ಸಾಧನದ ಮೇಲೆಯೇ ಇಂದು ದಾರಿಯ ಪ್ರಾಣಿಗಳ ಅಳಿವು-ಉಳಿವು ನಿಂತಿದೆ ಎಂಬುದು ಆಲೋಚಿಸತಕ್ಕ ಸಂಗತಿ.

ಒಂದು ಕಾರು 1200 ಕಿಲೋಗ್ರಾಂ ತೂಗುತ್ತದೆ ಎನ್ನೋಣ. ಒಂದೊಂದು ಗಾಲಿಯ ಪಾಲಿಗೆ 300 ಕಿಲೋಗ್ರಾಂ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂ, ಅಂದರೆ ಪೆಟ್ರೋಲ್ ಬಂಕಿನ ಭಾಷೆಯಲ್ಲಿ 30 ಪೌಂಡು. ಭಾಗಿಸಿ ನೋಡಿದರೆ ಪ್ರತಿಯೊಂದು ಟೈರೂ ನೆಲವನ್ನು ಮುಟ್ಟಿರುವ ಜಾಗ ಸುಮಾರು 140 ಚದರ ಸೆಂಟಿಮೀಟರ್. ಒಬ್ಬ ವಯಸ್ಕನ ಅಂಗೈಯಷ್ಟು. ಇಡೀ ಕಾರು, ಅದರೊಳಗಿನ ಸಂಸಾರ, ಮುಂದೆ ನಿಂತ ಹಸು, ಎಲ್ಲರ ಜೀವವೂ ನಾಲ್ಕು ಅಂಗೈಗಳ ಹಿಡಿತದಲ್ಲಿದೆ. ಎಂಜಿನ್ ಎಷ್ಟೇ ಬಲವಾಗಿರಲಿ, ಬ್ರೇಕು ಎಷ್ಟೇ ಗಟ್ಟಿಯಾಗಿರಲಿ, ಆ ಅಂಗೈ ನೆಲವನ್ನು ಹಿಡಿದಷ್ಟೇ ವಾಹನ ನಿಲ್ಲುತ್ತದೆ.

ಗಾಳಿ ಕಡಿಮೆಯಾದರೆ ಟೈರಿನ ಅಂಚುಗಳು ಭಾರ ಹೊತ್ತು ನಡುಭಾಗ ಸಡಿಲವಾಗುತ್ತದೆ. ಟೈರು ಕಾಯ್ದು ಒಡೆಯುವ ಭಯವೂ ಉಂಟು. ಗಾಳಿ ಹೆಚ್ಚಾದರೆ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಎರಡರಲ್ಲಿಯೂ ಹಿಡಿತ ಕುಗ್ಗುತ್ತದೆ. ಟೈರಿನ ಮೈಮೇಲಿನ ಗೀರುಗಳ ಕೆಲಸ ಮಳೆಗಾಲದಲ್ಲಿ ತಿಳಿಯುತ್ತದೆ. ರಸ್ತೆಯ ಮೇಲಿನ ನೀರು ಗೀರುಗಳೊಳಗೆ ಹರಿದು ಹೊರಬಿದ್ದರೆ ರಬ್ಬರು ನೆಲವನ್ನು ಮುಟ್ಟುತ್ತದೆ. ಗೀರು ಸವೆದಿದ್ದರೆ ನೀರು ಹೊರಬೀಳಲು ಹಾದಿಯಿಲ್ಲದೆ ಟೈರಿನಡಿಯಲ್ಲೇ ತೆಳುಪದರವಾಗಿ ನಿಂತು, ವಾಹನವು ನೀರಿನ ಮೇಲೆ ತೇಲಿದಂತೆ ಜಾರುತ್ತದೆ. ಒದ್ದೆ ರಸ್ತೆಯಲ್ಲಿ ಘರ್ಷಣಾಂಕ 0.4ಕ್ಕೆ ಇಳಿಯಿತೆಂದರೆ 80ರ ವೇಗದ ವಾಹನದ ನಿಲ್ಲುವ ದೂರ 69ರಿಂದ 96 ಮೀಟರಿಗೆ ಏರುತ್ತದೆ. ಕಾರುಗಳ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂದು ನಮ್ಮ ಮೋಟಾರು ವಾಹನ ನಿಯಮಗಳು ವಿಧಿಸಿರುವುದು ಈ ಕಾರಣದಿಂದ. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಏಣುಗಳಿರುತ್ತವೆ. ಟೈರಿನ ಮೈ ಸವೆದು ಆ ಏಣಿನ ಮಟ್ಟಕ್ಕೆ ಬಂದಿತೆಂದರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ.

ನಮ್ಮ ನಾಡಿನ ರಸ್ತೆಗಳಲ್ಲಿ ಮಳೆಯ ಹೊರತಾಗಿ ಇನ್ನೊಂದು ಜಾರುಮೈ ಉಂಟು. ಕೊಯ್ಲಿನ ಕಾಲದಲ್ಲಿ ರಾಗಿ, ಹುರುಳಿ ಮೊದಲಾದ ಪೈರನ್ನು ಒಕ್ಕಣೆಗಾಗಿ ಡಾಂಬರಿನ ಮೇಲೆಯೇ ಹರಡುವ ರೂಢಿ ಹಲವೆಡೆ ಇದೆ. ಹುಲ್ಲಿನ ಹಾಸಿನ ಮೇಲೆ ಬ್ರೇಕು ಹಿಡಿದರೆ ಗಾಲಿಗಳು ನೆಲವನ್ನು ಮುಟ್ಟದೆ ಹುಲ್ಲಿನೊಡನೆ ಜಾರುತ್ತವೆ. ಆ ಹುಲ್ಲಿಗೂ ಕಾಳಿಗೂ ಆಸೆಪಟ್ಟು ದನಕರು, ಕೋಳಿಗಳು ಬರುವುದೂ ಅಲ್ಲಿಗೇ. ಹಿಡಿತ ಕಡಿಮೆಯಾಗುವ ಜಾಗವೂ ಪ್ರಾಣಿ ಸೇರುವ ಜಾಗವೂ ಒಂದೇ ಆಗಿರುವುದರಿಂದ ಚಾಲಕನು ಇಂಥಲ್ಲಿ ಇಮ್ಮಡಿ ಎಚ್ಚರ ವಹಿಸಬೇಕು.

ಸ್ಪ್ರಿಂಗಿನ ಉಪಕಾರ ಮತ್ತು ಮೋಸ

ಕಾಳಿದಾಸನ ಶಾಕುಂತಲ ನಾಟಕದ ಮೊದಲನೆಯ ಅಂಕದಲ್ಲಿ ದುಷ್ಯಂತನು ಜಿಂಕೆಯನ್ನು ಬೆನ್ನಟ್ಟಿ ಬರುತ್ತಾನೆ. ಜಿಂಕೆ ದೂರವಾದದ್ದೇಕೆಂಬುದಕ್ಕೆ ಸಾರಥಿಯು, ನೆಲ ಏರುತಗ್ಗಾಗಿದ್ದುದರಿಂದ ತಾನು ಲಗಾಮು ಬಿಗಿಹಿಡಿದು ರಥದ ವೇಗವನ್ನು ತಗ್ಗಿಸಿದೆನೆಂದು ಸಮಾಧಾನ ಹೇಳುತ್ತಾನೆ. ಬಸವಪ್ಪಶಾಸ್ತ್ರಿಗಳ ಕನ್ನಡ ರೂಪದ ಮೂಲಕ ನಮ್ಮ ನಾಡಿಗೂ ಪರಿಚಿತವಾದ ಈ ನಾಟಕದಲ್ಲಿ ಇದು ಸಣ್ಣ ಮಾತು. ಆದರೆ ಸಾರಥ್ಯದ ಮರ್ಮವೇ ಅದರಲ್ಲಿ ಅಡಗಿದೆ: ನೆಲವು ಕುಲುಕಿದಾಗ ಸಾರಥಿಗೆ ವೇಗದ ಅರಿವಾಯಿತು, ಅರಿವಾದೊಡನೆ ಕೈ ಬಿಗಿಯಿತು.

ಕಬ್ಬಿಣದ ಪಟ್ಟಿ ಬಡಿದ ಮರದ ಗಾಲಿಯ ಎತ್ತಿನ ಗಾಡಿಯಲ್ಲಿ ಕುಳಿತವನಿಗೆ ದಾರಿಯ ಒಂದೊಂದು ಕಲ್ಲೂ ಲೆಕ್ಕ ಹೇಳುತ್ತಿತ್ತು. ಟೈರಿನ ಗಾಡಿ ಬಂದಾಗ ಆ ಲೆಕ್ಕ ಅರ್ಧವಾಯಿತು. ಇಂದಿನ ಕಾರಿನಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕುಗ್ಗಿದೆ. ಸ್ಪ್ರಿಂಗು ಉತ್ತಮವಾದಷ್ಟೂ ಸವಾರಿ ಹಿತವಾಗುತ್ತದೆ; ಹಿತವಾದಷ್ಟೂ ವೇಗದ ಅರಿವು ಮಾಸುತ್ತದೆ. 80ರಲ್ಲಿ ಹೋಗುತ್ತಿದ್ದರೂ 50ರಲ್ಲಿ ಹೋಗುವಂತೆ ಭಾಸವಾಗುತ್ತದೆ. ವೇಗದ ಕಾಟವನ್ನು ಸಸ್ಪೆನ್ಷನ್ ನುಂಗುತ್ತದೆಯೇ ಹೊರತು ವೇಗದ ಶಕ್ತಿಯನ್ನು ನುಂಗುವುದಿಲ್ಲ. ಆ ಶಕ್ತಿಯೆಲ್ಲ ಕಟ್ಟಕಡೆಗೆ ಬ್ರೇಕು-ಟೈರುಗಳ ಪಾಲಿಗೋ ದಾರಿಯ ಪ್ರಾಣಿಯ ಪಾಲಿಗೋ ಬೀಳಲೇಬೇಕು.

ಹಾಗೆಂದು ಸಸ್ಪೆನ್ಷನ್ ಸುಖಕ್ಕಾಗಿ ಮಾತ್ರ ಇರುವ ಅಂಗವಲ್ಲ. ಅದರ ಮುಖ್ಯ ಕಾರ್ಯ ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿದಿರುವುದು. ಸ್ಪ್ರಿಂಗು ಒಮ್ಮೆ ಅದುಮಿತೆಂದರೆ ಪುಟಿಯುತ್ತದೆ. ಪುಟಿದದ್ದು ಮತ್ತೆ ಅದುಮುತ್ತದೆ. ಈ ಪುಟಿತವನ್ನು ಎಣ್ಣೆಯ ತಡೆಯಿಂದ ಬೇಗನೆ ಶಮನಗೊಳಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದು ಸವೆದು ಎಣ್ಣೆ ಸೋರಿದ ವಾಹನದಲ್ಲಿ, ಹದಗೆಟ್ಟ ರಸ್ತೆಯಲ್ಲಿ ಬ್ರೇಕು ಹಿಡಿದಾಗ, ಗಾಲಿ ಚೆಂಡಿನಂತೆ ಕುಪ್ಪಳಿಸುತ್ತದೆ. ಗಾಳಿಯಲ್ಲಿರುವ ಗಾಲಿಗೆ ಹಿಡಿತವೆಲ್ಲಿಯದು? ಟೈರು ಹೊಸದಾಗಿದ್ದರೂ ಪ್ರಯೋಜನ ಅರ್ಧವಾಗಿ ಹೋಗುತ್ತದೆ. ಟೈರು ಮತ್ತು ಶಾಕ್ ಅಬ್ಸಾರ್ಬರುಗಳು ನೊಗಕ್ಕೆ ಹೂಡಿದ ಜೋಡೆತ್ತುಗಳಿದ್ದಂತೆ. ಒಂದು ಕುಂಟಿದರೆ ಇನ್ನೊಂದರ ಬಲ ವ್ಯರ್ಥ.

ಬೆಳಕಿಗೂ ಸಸ್ಪೆನ್ಷನ್ನಿಗೂ ಇರುವ ನಂಟನ್ನು ಅನೇಕರು ಗಮನಿಸಿರುವುದಿಲ್ಲ. ಹಿಂಭಾಗದಲ್ಲಿ ಮಿತಿಮೀರಿ ಭಾರ ಹೇರಿದರೆ ಹಿಂದಿನ ಸ್ಪ್ರಿಂಗು ಕುಸಿದು ಮೂತಿ ಮೇಲೇಳುತ್ತದೆ. ಆಗ ಹೆಡ್‌ಲೈಟಿನ ಬೆಳಕು ಎದುರಿನವನ ಕಣ್ಣು ಕುಕ್ಕುತ್ತದೆ. ರಸ್ತೆಯಲ್ಲಿ ಮಲಗಿರುವ ನಾಯಿ ಕಾಣುವುದಿಲ್ಲ. ಜೋರಾಗಿ ಬ್ರೇಕು ಹಿಡಿದಾಗ ಇದಕ್ಕೆ ವಿರುದ್ಧವಾಗಿ ಭಾರವೆಲ್ಲ ಮುಂದಕ್ಕೆ ಸರಿದು ಮೂತಿ ತಗ್ಗುತ್ತದೆ. ಬೆಳಕು ವಾಹನದ ಸಮೀಪಕ್ಕೆ ಕುಗ್ಗಿ, ಕಾಣಬೇಕಾದ ಪ್ರಾಣಿಯೇ ಕತ್ತಲೆಗೆ ಸರಿಯುತ್ತದೆ.

ತಿರುಗಿಸುವುದೋ, ನಿಲ್ಲಿಸುವುದೋ?

ಪ್ರಾಣಿಯನ್ನು ಕಂಡೊಡನೆ ಸ್ಟಿಯರಿಂಗನ್ನು ಪಕ್ಕಕ್ಕೆ ಎಳೆಯುವುದು ಮನುಷ್ಯನ ಸಹಜ ಪ್ರವೃತ್ತಿ. ಅದರ ಹಿಂದೆ ಇರುವುದು ಕರುಣೆಯೇ. ಆದರೆ ಅಂಗೈಯಗಲದ ಆ ಹಿಡಿತಕ್ಕೆ ಒಂದು ಮಿತಿಯಿದೆ. ನಿಲ್ಲಿಸುವುದಕ್ಕೂ ತಿರುಗಿಸುವುದಕ್ಕೂ ಟೈರು ಒಂದೇ ಬೊಕ್ಕಸದಿಂದ ವೆಚ್ಚ ಮಾಡಬೇಕು. ಪೂರ್ಣ ಬ್ರೇಕಿನಲ್ಲಿ ಅದನ್ನೆಲ್ಲ ವ್ಯಯಿಸಿದ ಟೈರಿಗೆ ತಿರುಗುವ ಶಕ್ತಿ ಉಳಿಯದು. ರಭಸದಿಂದ ತಿರುಗುತ್ತಿರುವ ಟೈರಿಗೆ ನಿಲ್ಲುವ ಶಕ್ತಿ ಉಳಿಯದು. ಗಾಲಿ ಸಂಪೂರ್ಣ ಕಚ್ಚಿಕೊಂಡು ಜಾರತೊಡಗಿದರೆ ಸ್ಟಿಯರಿಂಗು ಇದ್ದೂ ಇಲ್ಲದಂತೆ. ಗಾಲಿ ಕಚ್ಚಿಕೊಳ್ಳದಂತೆ ಬ್ರೇಕನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಬಿಗಿಯುವ ಎ.ಬಿ.ಎಸ್. ಎಂಬ ಸಾಧನವನ್ನು 2019ರ ಏಪ್ರಿಲ್‌ನಿಂದ ಭಾರತದ ಹೊಸ ಕಾರುಗಳಿಗೂ 125 ಸಿ.ಸಿ. ಮೀರಿದ ಹೊಸ ದ್ವಿಚಕ್ರಗಳಿಗೂ ಕಡ್ಡಾಯಗೊಳಿಸಿದ್ದು ಇದಕ್ಕಾಗಿಯೇ. ಆದರೂ ಆ ಸಾಧನವು ಟೈರಿನಲ್ಲಿ ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ಪಕ್ಕಕ್ಕೆ ಎಳೆದಾಗ ಆಗುವುದೇನೆಂಬುದಕ್ಕೆ ಲೋಕಪ್ರಸಿದ್ಧವಾದ ನಿದರ್ಶನವೊಂದು ಸ್ವೀಡನ್ ದೇಶದ್ದು. ಆ ದೇಶದ ಕಾಡುಗಳಲ್ಲಿ ಮೂಸ್ ಎಂಬ ಪ್ರಾಣಿ ವಾಸಿಸುತ್ತದೆ. ಅದು ಜಿಂಕೆಯ ಕುಲದಲ್ಲೇ ಅತಿ ದೊಡ್ಡದು. ಅದರ ಕಾಲುಗಳು ಬಹು ಉದ್ದ. ಕಾರು ಬಡಿದಾಗ ಕಾಲುಗಳು ಮಾತ್ರ ಬಂಪರಿಗೆ ಸಿಕ್ಕಿ, ನೂರಾರು ಕಿಲೋಗ್ರಾಂ ತೂಕದ ಮೈ ಬಾನೆಟ್ಟಿನ ಮೇಲಿಂದ ಬಂದು ಗಾಜನ್ನೂ ಮೇಲ್ಛಾವಣಿಯನ್ನೂ ಅಪ್ಪಳಿಸುತ್ತದೆ. ಇಂಥ ಪ್ರಾಣಿಯನ್ನು ತಪ್ಪಿಸಲು ಒಮ್ಮೆ ಪಕ್ಕಕ್ಕೆ ಎಳೆದು, ಎದುರಿನ ವಾಹನಕ್ಕೆ ಸಿಕ್ಕದಂತೆ ತಕ್ಷಣ ಮರಳಿ ತನ್ನ ಸಾಲಿಗೆ ಬರುವ ಪರೀಕ್ಷೆಗೆ ಮೂಸ್ ಪರೀಕ್ಷೆ ಎಂದು ಹೆಸರು. 1997ರ ಅಕ್ಟೋಬರ್‌ನಲ್ಲಿ ಅಲ್ಲಿನ ‘ಟೆಕ್ನಿಕೆನ್ಸ್ ವೆರ್ಲ್ಡ್’ ಪತ್ರಿಕೆಯವರು ಮರ್ಸಿಡಿಸ್ ಸಂಸ್ಥೆಯ ಹೊಸ ‘ಎ-ಕ್ಲಾಸ್’ ಕಾರನ್ನು ಈ ಪರೀಕ್ಷೆಗೆ ಒಡ್ಡಿದಾಗ ಅದು ಮಗುಚಿ ಬಿತ್ತು. ಸಂಸ್ಥೆಯು ಮಾರಾಟವನ್ನು ಕೆಲಕಾಲ ನಿಲ್ಲಿಸಿ, ಸಸ್ಪೆನ್ಷನ್ನನ್ನು ಮಾರ್ಪಡಿಸಿ, ಜಾರುವ ವಾಹನವನ್ನು ಒಂದೊಂದು ಗಾಲಿಯ ಬ್ರೇಕಿನಿಂದ ಹದಕ್ಕೆ ತರುವ ಇ.ಎಸ್.ಪಿ. ಎಂಬ ವಿದ್ಯುನ್ಮಾನ ಸಾಧನವನ್ನು ಆ ಮಾದರಿಯ ಎಲ್ಲ ಕಾರುಗಳಿಗೂ ಅಳವಡಿಸಿತು.

ಕಾರು ಮಗುಚಿದ್ದೇಕೆ? ಮೊದಲ ಎಳೆತದಲ್ಲಿ ಮೈ ಒಂದು ಕಡೆಗೆ ವಾಲಿ ಆ ಬದಿಯ ಸ್ಪ್ರಿಂಗು ಅದುಮುತ್ತದೆ. ಅದು ನೆಟ್ಟಗಾಗುವ ಮೊದಲೇ ಎರಡನೆಯ ಎಳೆತ ಬಂದರೆ, ಪುಟಿಯುತ್ತಿರುವ ಸ್ಪ್ರಿಂಗಿನ ಬಲವೂ ಹೊಸ ಎಳೆತದ ಬಲವೂ ಒಂದುಗೂಡಿ ಮೈಯನ್ನು ಇನ್ನೊಂದು ಕಡೆಗೆ ಎಸೆಯುತ್ತವೆ. ವಾಹನ ಎತ್ತರವಾದಷ್ಟೂ, ಶಾಕ್ ಅಬ್ಸಾರ್ಬರು ಸವೆದಷ್ಟೂ, ಮೇಲ್ಛಾವಣಿಯ ಮೇಲೆ ಸಾಮಾನು ಹೇರಿದಷ್ಟೂ ಈ ಅಪಾಯ ಹೆಚ್ಚು. ನಮ್ಮ ಜೀಪು, ಟೆಂಪೊಗಳಿಗೂ, ಮುಂದೆ ಒಂದೇ ಗಾಲಿಯಿರುವ ಆಟೊರಿಕ್ಷಾಗಳಿಗೂ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ನಾಯಿಯೊಂದನ್ನು ಉಳಿಸಲು ಹೋಗಿ ವಾಹನ ಮಗುಚಿ ಅಥವಾ ಮರಕ್ಕೆ ಬಡಿದು ಒಳಗಿನವರು ಸತ್ತರೆ ಕರುಣೆಯ ಫಲ ವಿಪರೀತವಾಯಿತೆಂದೇ ಹೇಳಬೇಕು. ಆದುದರಿಂದ ನೆಟ್ಟಗೆ, ದೃಢವಾಗಿ ಬ್ರೇಕು ಹಿಡಿಯುವುದೇ ಸಾಮಾನ್ಯ ನಿಯಮ. ಪಕ್ಕದಲ್ಲಿ ತೆರಪಿದೆಯೆಂದು ಮೊದಲೇ ತಿಳಿದಿದ್ದು, ವೇಗ ಸಾಕಷ್ಟು ತಗ್ಗಿದ್ದರೆ ಮಾತ್ರ ಮೆಲ್ಲನೆ ಸರಿಯಬಹುದು. ದ್ವಿಚಕ್ರದವನಿಗೆ ನಾಯಿಯಾದರೂ ಜೀವಕ್ಕೆ ಎರವಾಗಬಲ್ಲುದು. ಅವನು ಎರಡೂ ಬ್ರೇಕುಗಳನ್ನು ಒಟ್ಟಿಗೆ, ಹ್ಯಾಂಡಲ್ ನೆಟ್ಟಗಿರುವಾಗಲೇ ಪ್ರಯೋಗಿಸಬೇಕು.

ಪ್ರಾಣಿಗಳ ರೀತಿ

ನಮ್ಮಲ್ಲಿ ಮೂಸ್ ಇಲ್ಲ. ಅದಕ್ಕೆ ಸಮನಾದವು ಉಂಟು. ಒಂಟೆ, ಕುದುರೆ, ಕಡವೆಗಳೂ ಎತ್ತರದ ಕಾಲಿನ ಪ್ರಾಣಿಗಳೇ. ಬ್ರೇಕಿನಿಂದ ಮೂತಿ ತಗ್ಗಿದಾಗ ಬಂಪರು ಕಾಲಿನ ಇನ್ನೂ ಕೆಳಭಾಗಕ್ಕೆ ತಗಲಿ, ಮೈ ಗಾಜಿನ ಕಡೆಗೆ ಉರುಳುವುದು ಸುಲಭವಾಗುತ್ತದೆ. ಡಿಕ್ಕಿ ಅನಿವಾರ್ಯವೆನಿಸಿದಾಗ ಕೊನೆಯ ಗಳಿಗೆಯಲ್ಲಿ ಬ್ರೇಕು ಬಿಟ್ಟರೆ ಮೂತಿ ಮೇಲೇಳುವುದೆಂಬ ಉಪದೇಶ ಮೂಸ್ ಇರುವ ನಾಡುಗಳಲ್ಲಿ ಉಂಟು. ಆದರೆ ಆ ಗಳಿಗೆಯನ್ನು ಗುರುತಿಸುವ ಸಮಚಿತ್ತ ಎಷ್ಟು ಜನಕ್ಕಿದ್ದೀತು? ಅಲ್ಲಿಯವರೆಗೆ ವೇಗವನ್ನು ಎಷ್ಟು ಕಳೆದುಕೊಂಡೆವೆಂಬುದೇ ಮುಖ್ಯ. ನಾಯಿ, ಕಾಡುಹಂದಿಗಳಂಥ ಗಿಡ್ಡ ಪ್ರಾಣಿಗಳು ಗಾಲಿಯಡಿಗೆ ಸಿಕ್ಕುವ ಸಂಭವವೇ ಹೆಚ್ಚು. ಆಗ ಗಾಲಿ ಎಗರಿ ವಾಹನವೇ ಹಿಡಿತ ತಪ್ಪುವುದುಂಟು. ಕಾಟಿಯಂಥ ದೊಡ್ಡ ಪ್ರಾಣಿಯಾದರೆ ಕಾರು ಗೋಡೆಗೆ ಬಡಿದಂತೆಯೇ ಸರಿ.

ರಾತ್ರಿ ಹಸು, ಜಿಂಕೆ, ನಾಯಿಗಳ ಕಣ್ಣು ಬೆಳಕಿಗೆ ಹೊಳೆಯುತ್ತವೆ. ಅವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವಿದೆ. ಹಂದಿಯ ಕಣ್ಣಿಗೆ ಆ ಪದರವಿಲ್ಲ. ಕಪ್ಪು ಎಮ್ಮೆ ಮುಖ ತಿರುಗಿಸಿ ನಿಂತರೆ ಕತ್ತಲೆಯ ತುಂಡಿನಂತೆಯೇ. ಆದುದರಿಂದ ಹೊಳಪು ಕಾಣಲಿಲ್ಲವೆಂದು ದಾರಿ ತೆರವಾಗಿದೆಯೆಂದು ತಿಳಿಯಲಾಗದು. ಜಿಂಕೆಗಳು ಗುಂಪಾಗಿ ಚಲಿಸುತ್ತವೆ. ಒಂದು ದಾಟಿತೆಂದರೆ ಹಿಂದೆ ಇನ್ನೊಂದು ಇದೆಯೆಂದೇ ಭಾವಿಸಿ ನಿಧಾನಿಸಬೇಕು.

ಈ ಪರಿಶೀಲನೆಗೆ ಕನ್ನಡನಾಡಿನಲ್ಲಿ ಬಂಡೀಪುರಕ್ಕಿಂತ ಉತ್ತಮ ಉದಾಹರಣೆ ಇಲ್ಲ. ಗುಂಡ್ಲುಪೇಟೆಯಿಂದ ಆ ಕಾಡಿನ ನಡುವೆ ಊಟಿಯ ಕಡೆಗೂ ವಯನಾಡಿನ ಕಡೆಗೂ ಸಾಗುವ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. 2010ರ ಮಾರ್ಚಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ವ್ಯಾಪಾರಕ್ಕೂ ಪ್ರಯಾಣಕ್ಕೂ ತೊಂದರೆಯಾಗುವುದೆಂಬ ವಾದವೂ ಬಲವಾಗಿಯೇ ಬಂದಿತು. ಆದರೆ ಕಾಣುವ ದೂರಕ್ಕಿಂತ ನಿಲ್ಲುವ ದೂರ ಹೆಚ್ಚಾದಾಗ ಚಾಲಕನ ಸದ್ಭಾವನೆಯೊಂದೇ ಪ್ರಾಣಿಯನ್ನು ಕಾಯಲಾರದೆಂಬ ಲೆಕ್ಕ ಆ ನಿಷೇಧದ ಹಿಂದೆ ನಿಂತಿದೆ. ಹಗಲು ಹೊತ್ತಿನಲ್ಲಿಯೂ ಕಾಡಿನ ರಸ್ತೆಯ ಉಬ್ಬುಗಳನ್ನು ಬೈದುಕೊಂಡು ದಾಟುವವರು, ಸ್ಪ್ರಿಂಗು ಮರೆಸಿದ ವೇಗವನ್ನು ಅವು ನೆನಪಿಗೆ ತರುತ್ತಿವೆಯೆಂದು ತಿಳಿಯಬೇಕು.

ಮಾಡತಕ್ಕದ್ದು

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೇನು ಫಲ? ವಾಹನವುಳ್ಳ ಪ್ರತಿಯೊಬ್ಬರೂ ತಿಂಗಳಿಗೊಮ್ಮೆಯಾದರೂ, ಟೈರು ತಣ್ಣಗಿರುವಾಗ, ಗಾಳಿಯನ್ನು ಅಳೆಯಿಸಬೇಕು. ಗೀರಿನ ಆಳವನ್ನು ನೋಡಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದರ ಹುಟ್ಟಿದ ದಿನವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ಗೀರು ಉಳಿದಿದ್ದರೂ ವರ್ಷಗಳು ಕಳೆದಂತೆ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಒಮ್ಮೆ ಎದ್ದು ನೆಲೆಗೊಳ್ಳಬೇಕು. ಮತ್ತೆ ಮತ್ತೆ ತೂಗಾಡಿದರೆ ಶಾಕ್ ಅಬ್ಸಾರ್ಬರು ಹೋಗಿದೆಯೆಂದರ್ಥ. ಟೈರು ಅಲ್ಲಲ್ಲಿ ಕುಳಿಬಿದ್ದಂತೆ ಸವೆದಿರುವುದೂ ಇದರದೇ ಗುರುತು. ಲಾರಿ, ಬಸ್ಸು, ಶಾಲಾವಾಹನಗಳ ಮಾಲೀಕರಿಗೆ ಈ ಕರ್ತವ್ಯ ಮತ್ತಷ್ಟು ಗುರುತರ. ಮಾಲೀಕನು ಟೈರಿಗೆ ಹಣ ಹಿಡಿದರೆ, ಅದರ ಪಾಪದ ಹೊರೆ ಚಾಲಕನೊಬ್ಬನ ಮೇಲೆ ಬೀಳುವುದು ನ್ಯಾಯವಲ್ಲ.

ಅಧ್ಯಾಪಕರು ನಿಲ್ಲುವ ದೂರದ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ, ಬಳಿಕ ಮಕ್ಕಳನ್ನು ಆಟದ ಬಯಲಿಗೆ ಕರೆದೊಯ್ದು 26, 45, 69, 98 ಮೀಟರುಗಳನ್ನು ಹೆಜ್ಜೆಯಿಂದ ಅಳೆಯಿಸಿ ಗೂಟ ನೆಡಿಸಬಹುದು. ಪುಸ್ತಕದ ಅಂಕಿಗಿಂತ ಆ ಗೂಟಗಳ ನಡುವಣ ಬಯಲು ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ. ಇಂದು ಹೆಜ್ಜೆಯಿಟ್ಟು ಅಳೆದ ಬಾಲಕನೇ ನಾಳೆ ಸ್ಟಿಯರಿಂಗು ಹಿಡಿಯುವವನು.

ದಯೆಯು ಹೃದಯದ ಗುಣವೆಂದು ಎಲ್ಲರೂ ಬಲ್ಲರು. ಯಂತ್ರವನ್ನು ನಡೆಸುವವನಲ್ಲಿ ಅದು ಕೈಗೂ ಕಣ್ಣಿಗೂ ಇಳಿದು ಬರಬೇಕು; ಗಾಳಿ ಅಳೆಯುವ ತಾಳ್ಮೆಯಾಗಿ, ಊರು ಹತ್ತಿರವಾದಾಗ ಆಕ್ಸಿಲರೇಟರಿನಿಂದ ಮೇಲೇಳುವ ಪಾದವಾಗಿ, ಕತ್ತಲಲ್ಲಿ ಕಾಣುವಷ್ಟೇ ದೂರಕ್ಕೆ ತನ್ನ ವೇಗವನ್ನು ಕಟ್ಟಿಹಾಕುವ ಸಂಯಮವಾಗಿ. ತಾಯಿಹಸುವಿಗೆ ಗಂಟೆ ಬಾರಿಸುವ ಅರಮನೆ ಈಗಿಲ್ಲ. ಆ ಗಂಟೆಯ ಸದ್ದನ್ನು ಮುಂಚಿತವಾಗಿ ಕೇಳಿಸಿಕೊಳ್ಳುವ ಕಿವಿ ಚಾಲಕನಿಗೇ ಇರಬೇಕಾಗಿದೆ.